ಸೊಂಟದ ಪಾಠಕ್ಕೆ ಮಂಚ ಹೊತ್ತವರು

ಸ್ನೇಹಿತರೇ, ಇವತ್ತು ತುಮಕೂರಿನ ನಮ್ಮ ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆಲ್ಲ ಸೊಂಟನೋವು ಬಾರದಂತೆ ಕೆಲಸ ಮಾಡುವುದನ್ನು ಕಲಿಸುವ ತರಬೇತಿ ಇತ್ತು. ರೋಗಿಯನ್ನು ಎತ್ತುವ ಕ್ರಮ ತೋರಿಸಲು ಟ್ರೈನರ್‌ಗೆ ಮಂಚ ಬೇಕಂತೆ. ತರಬೇತಿ ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿದೆ. ವಾರ್ಡಿನ ಕಬ್ಬಿಣದ ಮಂಚವನ್ನು ನಾವು ನಾಲ್ವರು ನರ್ಸ್‌ಗಳೇ ಮೆಟ್ಟಿಲು ಹತ್ತಿಸಿದೆವು.

ಗುಬ್ಬಿಯಿಂದ ಬರುವ ನಾಗರತ್ನಕ್ಕ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಡ್ಯೂಟಿ ಮಾಡುವವರು. ಮಂಚ ಇಳಿಸಿದ್ದೇ ತಡ, ಅದರ ಮೇಲೇ ಕುಸಿದು ಕೂತರು.

"ಸಿಸ್ಟರ್, ನೀವೇ ಪೇಷಂಟ್ ಥರ ಆಕ್ಟ್ ಮಾಡಿ" ಎಂದರು ಟ್ರೈನರ್.

"ಆಕ್ಟಿಂಗ್ ಏನೂ ಬ್ಯಾಡ ಬುಡಿ ಸಾರ್" ಎಂದು ಅಕ್ಕ ಮಲಗಿಯೇಬಿಟ್ಟರು.

ಭಾರ ಎತ್ತುವಾಗ ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು ಎಂಬಲ್ಲಿಗೆ ಪಾಠ ಮುಗಿಯಿತು. "ಯಾರಿಗಾದ್ರೂ ಡೌಟ್ ಇದ್ಯಾ?"

ನಾನು ಕೈ ಎತ್ತಿದೆ. "ಈ ಮಂಚ ಕೆಳಗೆ ಇಳ್ಸೋರು ಯಾರು ಸಾರ್?"

"ನೀವೇ ಇಳ್ಸಿ ಮೇಡಂ, ಒಳ್ಳೆ ಪ್ರಾಕ್ಟೀಸ್ ಆಗುತ್ತೆ" ಎಂದವರು, ನಾವು ಹೊತ್ತು ಇಳಿಯುವಾಗ ಫೋಟೊ ಬೇರೆ ತೆಗೆದರು.

ಫೋಟೊ ಈಗ ಆಸ್ಪತ್ರೆಯ ಗ್ರೂಪಿನಲ್ಲಿದೆ: "ಸೊಂಟ ರಕ್ಷಣೆ ತರಬೇತಿ ಯಶಸ್ವಿ." ಮುಂದೆ ಮಂಚದ ಕಾಲು ಹಿಡಿದು ಹಲ್ಲು ಕಚ್ಚಿಕೊಂಡಿರುವವಳು ನಾನೇ. ಲೈಕ್ ಒತ್ತಿದ್ದೇನೆ, ಮಲಗಿದಲ್ಲಿಂದಲೇ. ಏಳಲು ಆಗುತ್ತಿಲ್ಲ.