ಏಕಾದಶಿಯಂದು ಓದಿದ ಕಾದಂಬರಿ

ಉದ್ಯಾವರದ ನಳಿನಾಕ್ಷಿಯಮ್ಮ ಕಾದಂಬರಿ ಓದುತ್ತಿದ್ದುದು ಏಕಾದಶಿಯಂದು ಮಾತ್ರ. ಅಂದು ಉಪವಾಸ, ಅಡುಗೆಯ ಗೊಡವೆಯಿಲ್ಲ. ಮನೆಮನೆಗೆ ಕೇಬಲ್ ಟಿ.ವಿ. ಬಂದ ಮೇಲೂ ಈ ಪದ್ಧತಿ ತಪ್ಪಲಿಲ್ಲ. ಮರುದಿನ ಪಾರಣೆ ಮುಗಿಸಿ ಉಡುಪಿಯ ಬಸ್ಸು ಹತ್ತಿ, ಬಾಡಿಗೆಗೆ ಪುಸ್ತಕ ಕೊಡುವ ಅನಂತೇಶನ ಮೇಜಿನ ಮೇಲೆ ಅದನ್ನು ಕುಕ್ಕಿ ತೀರ್ಪು ಕೊಡುತ್ತಿದ್ದರು.

"ಇದೆಂತ ಕಾದಂಬರಿ ಮಾರಾಯ? ನಾಯಕಿಯನ್ನು ಗಂಡ ಬಿಟ್ಟುಹೋಗಿದ್ದಾನೆ. ಅವಳು ನೋಡಿದರೆ ಒಮ್ಮೆ ಕೆಸುವಿನ ಎಲೆಯ ಪತ್ರೊಡೆ ಮಾಡ್ತಾಳೆ, ಒಮ್ಮೆ ಹಲಸಿನ ಹಣ್ಣಿನ ಕಡುಬು! ಬರೆದವರಿಗೆ ಸ್ವಲ್ಪವಾದರೂ ಬುದ್ಧಿ ಬೇಡವಾ?"

ಹಿಂದಿನ ಪುಸ್ತಕವನ್ನು ಅದರಲ್ಲಿದ್ದ ಮದುವೆಯೂಟಕ್ಕಾಗಿ ಬೈದಿದ್ದರು. ಜೈಲಿನ ಕತೆಯೊಂದನ್ನು ಮಾತ್ರ ಬಾಯ್ತುಂಬ ಹೊಗಳಿದ್ದರು; ಅದರಲ್ಲಿ ಯಾರೂ ಸರಿಯಾಗಿ ಉಂಡಿರಲಿಲ್ಲ.

ಅನಂತೇಶನಿಗೆ ಈಗ ಗುಟ್ಟು ಹೊಳೆಯಿತು. "ಅಮ್ಮ, ಇದನ್ನೇ ಇನ್ನೊಮ್ಮೆ ಕೊಂಡುಹೋಗಿ. ಇವತ್ತು ಹೊಟ್ಟೆ ತುಂಬ ಊಟ ಮಾಡಿ ಓದಿ ನೋಡಿ," ಎಂದ.

ಮರುದಿನ ಅವರು ನಗುತ್ತಲೇ ಬಂದರು. "ಪುಸ್ತಕ ಒಳ್ಳೆದುಂಟು. ನಾನು ಸುಮ್ಮನೆ ಬೈದೆ."

"ಗಂಡ ವಾಪಸ್ ಬರುವ ಭಾಗ ಈ ಸಲ ಹಿಡಿಸಿತಾ?"

"ಅಷ್ಟು ದೂರ ಹೋಗಲಿಲ್ಲ ಮಾರಾಯ. ಪತ್ರೊಡೆ ಬಂದಲ್ಲಿಯೇ ಎದ್ದು ಕೆಸುವಿನ ಎಲೆ ಕೊಯ್ಯಲಿಕ್ಕೆ ಹೋದೆ," ಎಂದು ಪುಸ್ತಕದ ಪಕ್ಕದಲ್ಲಿ ಬಿಸಿ ಡಬ್ಬಿಯೊಂದನ್ನು ಇಟ್ಟರು.