ಸೆನ್ಸರ್ ಮೇಲಿನ ಕುಂಕುಮ

ಕ್ಯಾಮೆರಾ ರಿಪೇರಿ ಅಂಗಡಿಗೆ ಅದರದೇ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಸೂಜಿ ಚುಚ್ಚುವ ಮೊದಲು ನರ್ಸು ತೋಳಿಗೆ ಒರೆಸುತ್ತಾರಲ್ಲ, ಆ ಸ್ಪಿರಿಟ್ಟಿನ ವಾಸನೆ. ಇವತ್ತು ಬೆಳಿಗ್ಗೆ ರಾಜಾಜಿನಗರದ ಅಂಥದೊಂದು ಅಂಗಡಿಯಲ್ಲಿ ನಿಂತಿದ್ದೆ. ಫೋನೇ ಸಾಕೆನಿಸಿ, ನನ್ನ ಪುಟ್ಟ ಕ್ಯಾಮೆರಾವನ್ನು ಮಾರಿಬಿಡೋಣ ಎಂದು ಹೋಗಿದ್ದೆ. ಅಂಗಡಿಯವರು ಅದನ್ನು ಅತ್ತಿತ್ತ ತಿರುಗಿಸಿ, "ಮೇಡಂ, ಇದ್ರಲ್ಲಿ ಏನು ಚೆನ್ನಾಗಿದೆ, ಏನು ಪ್ರಾಬ್ಲಂ, ಎರಡೂ ನೀವೇ ಹೇಳ್ಬಿಡಿ. ಆಮೇಲೆ ನಾನು ನೋಡ್ತೀನಿ" ಎಂದರು.

ಚೆನ್ನಾಗಿರುವುದನ್ನು ಹೇಳುವುದು ಕಷ್ಟವಾಗಲಿಲ್ಲ. ಲೆನ್ಸ್ ಬಿಚ್ಚಿ ಬೇರೆ ಹಾಕಬಹುದು, ಆದರೂ ತರಕಾರಿ ಚೀಲದಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಹಿಡಿಸುತ್ತದೆ. ದೊಡ್ಡ ಕ್ಯಾಮೆರಾ ಕಂಡರೆ ಉಸಿರು ಬಿಗಿಹಿಡಿದು ನಿಲ್ಲುವ ನಮ್ಮ ನೆಂಟರು ಇದನ್ನು ಆಟದ ಸಾಮಾನು ಅಂದುಕೊಂಡು ಆರಾಮಾಗಿ ಆಕಳಿಸುತ್ತಾರೆ. ಸದ್ದಿಲ್ಲದೆ ಆ ಆಕಳಿಕೆಯನ್ನೂ ಹಿಡಿಯುತ್ತದೆ. ಇನ್ನು ತೊಂದರೆ: ಬ್ಯಾಟರಿ ಊಟದ ಹೊತ್ತಿಗೇ ಕೈಕೊಡುತ್ತದೆ, ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಗುಂಡಿಗಳು ಎಷ್ಟು ಚಿಕ್ಕವೆಂದರೆ ಒಂದನ್ನು ಒತ್ತಲು ಹೋದರೆ ಎರಡು ಒತ್ತಿಕೊಳ್ಳುತ್ತವೆ. "ಮತ್ತೆ, ಪ್ರತಿ ಫೋಟೋದಲ್ಲೂ ಮೇಲೆ ಬಲಗಡೆ ಒಂದು ಕಲೆ ಬರತ್ತೆ. ನಮ್ಮತ್ತೆ ಕುಂಕುಮ ಹಚ್ಚಿದ್ದು" ಎಂದು ನಕ್ಕೆ. ಹೇಳಿ ಹೇಳಿ ಆ ನಗು ನನಗೆ ರೂಢಿಯಾಗಿದೆ.

ನಡೆದದ್ದು ಇಷ್ಟು, ಅಥವಾ ಇಷ್ಟೆಂದು ನಾನು ನಂಬಿದ್ದೆ. ವಿಜಯನಗರದ ನಮ್ಮ ಮನೆಯಲ್ಲಿ ಆಯುಧಪೂಜೆಗೆ ಅತ್ತೆಯದೊಂದು ನಿಯಮವಿದೆ: ಬಿಚ್ಚಿಬರುವ ಪ್ರತಿ ಭಾಗಕ್ಕೂ ಬೇರೆ ಬೇರೆ ಬೊಟ್ಟು. ಮಿಕ್ಸಿಗೊಂದು, ಮೂರು ಜಾರುಗಳಿಗೆ ಒಂದೊಂದು. ಕುಕ್ಕರಿಗೊಂದು, ಅದರ ಮುಚ್ಚಳಕ್ಕೊಂದು. ಕ್ಯಾಮೆರಾ ಕೊಂಡ ವರ್ಷ, "ಇದೂ ಬಿಚ್ಚತ್ತೇನೇ?" ಎಂದು ಕೇಳಿದರು. ನಾನು ಜಂಬದಿಂದ ಲೆನ್ಸ್ ಬಿಚ್ಚಿ ಎರಡನ್ನೂ ಮಣೆಯ ಮೇಲಿಟ್ಟೆ. ಈ ಬಗೆಯ ಕ್ಯಾಮೆರಾದೊಳಗೆ ಕನ್ನಡಿ ಇರುವುದಿಲ್ಲ, ಅದಕ್ಕೇ ಅಷ್ಟು ಚಿಕ್ಕದು. ಅದಕ್ಕೇ ಲೆನ್ಸ್ ತೆಗೆದರೆ, ಚಿತ್ರ ಮೂಡುವ ಸೆನ್ಸರ್ ಬಾಗಿಲು ತೆರೆದ ಮನೆಯಂತೆ ಬಯಲಾಗಿ ಕೂರುತ್ತದೆ. ಅತ್ತೆ ಬೊಟ್ಟಿಟ್ಟರು, ಕುಂಕುಮ ಒಳಗೆ ಉದುರಿತು. ಸಂಜೆ ತೆಗೆದ ಫೋಟೋಗಳಲ್ಲೆಲ್ಲ ಕಲೆ. ನಾನು ಕೂಗಾಡಿದೆ.

ಅವರು ಎದುರಾಡಲಿಲ್ಲ. ಆದರೆ ಅಂದಿನಿಂದ ಪ್ರತಿ ಆಯುಧಪೂಜೆಯಲ್ಲೂ ಸ್ಕೂಟರ್, ಹೊಲಿಗೆ ಯಂತ್ರ, ಈಳಿಗೆಮಣೆ ಮುಗಿಸಿ ಕ್ಯಾಮೆರಾದ ಹತ್ತಿರ ಬಂದಾಗ ಕುಂಕುಮದ ಬಟ್ಟಲನ್ನು ನನ್ನ ಕಡೆ ತಳ್ಳುತ್ತಾರೆ. "ಅದು ನಿಂದು ಕಣಮ್ಮ. ನನ್ ಕೈ ಸರಿಯಿಲ್ಲ." ನಾನು ಕ್ಯಾಮೆರಾ ಎತ್ತಿದರೆ ಏನೋ ಕೆಲಸ ನೆನಪಾದವರಂತೆ ಎದ್ದುಹೋಗುತ್ತಾರೆ. ಆಮೇಲೆ ತೆಗೆದ ಒಂದು ಫೋಟೋದಲ್ಲೂ ಅತ್ತೆ ಇಲ್ಲ.

ಅಂಗಡಿಯವರು ಲೆನ್ಸ್ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ಇಣುಕಿದರು. "ಕುಂಕುಮ ಅಲ್ಲ ಮೇಡಂ ಇದು. ಪುಡಿ ಆಗಿದ್ರೆ ಫುಸ್ ಅಂತ ಗಾಳಿ ಊದಿದ್ರೆ ಹೋಗ್ಬಿಡೋದು. ಇಲ್ನೋಡಿ, ಗೀರು. ಯಾರೋ ಬಟ್ಟೇಲಿ ಹಾಕ್ಕೊಂಡು ಉಜ್ಜಿದಾರೆ."

"ಯಾರು ಉಜ್ಜಿರ್ತಾರೆ?"

"ನನ್ನ ಕೇಳಿದ್ರೆ ಹೆಂಗೆ ಮೇಡಂ? ನಿಮ್ಮನೇಲಿ ಇದನ್ನ ಮುಟ್ಟೋರು ಯಾರು?"

ಮುಟ್ಟುವವಳು ನಾನೊಬ್ಬಳೇ. ಮಾರದೆ ವಾಪಸ್ ತಂದೆ.

ಮನೆಗೆ ಬಂದು ಹಳೆಯ ಡೈರಿ ಹುಡುಕಿದೆ. "ಅತ್ತೆ ಕ್ಯಾಮೆರಾ ಹಾಳು ಮಾಡಿದರು" ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದೇನೆ. ಉಜ್ಜಿದ ಸುದ್ದಿಯೇ ಇಲ್ಲ. ಅಷ್ಟು ಒತ್ತಿ ಗೆರೆ ಎಳೆಯುವ ಅಗತ್ಯ ಏನಿತ್ತೋ! ಕಣ್ಣು ಮುಚ್ಚಿದರೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿರುವ ನನ್ನದೇ ಕೈ ಕಾಣುತ್ತದೆ. ಅದು ಅಂದಿನ ನೆನಪೋ, ಅಂಗಡಿಯವರ ಮಾತು ಕೇಳಿದ ಮೇಲೆ ನಾನೇ ಬರೆದುಕೊಂಡ ಚಿತ್ರವೋ ಗೊತ್ತಾಗುತ್ತಿಲ್ಲ. ಗೊತ್ತಾಗುವವರೆಗೆ ಕಾಯುವುದು ಮಾತ್ರ ಸರಿಯಲ್ಲ ಅನಿಸಿತು.

ಅತ್ತೆ ನಡುಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. "ಅತ್ತೆ, ಅವತ್ತು ಕ್ಯಾಮೆರಾ ಕೆಡಿಸಿದ್ದು ನಾನೇ ಅನ್ಸತ್ತೆ. ಬಟ್ಟೇಲಿ ಉಜ್ಜಿಬಿಟ್ಟಿದೀನಿ. ಸುಮ್ನೆ ನಿಮ್ಮ ಮೇಲೆ ಕೂಗಾಡ್ದೆ. ತಪ್ಪಾಯ್ತು."

ಅವರು ತಲೆ ಎತ್ತಲಿಲ್ಲ. "ಸಮಾಧಾನ ಎಲ್ಲ ಹೇಳ್ಬೇಡ. ನಾನೇ ಮಾಡಿದ್ದು. ಕೈ ನಡುಗ್ತು, ಅರ್ಧ ಬಟ್ಟಲು ಕುಂಕುಮ ಒಳಗೆ ಬಿತ್ತು. ಕಣ್ಣಿಗೆ ಕಟ್ಟಿದಂಗಿದೆ."

ಅರ್ಧ ಬಟ್ಟಲು! ಅದು ನನ್ನ ಮಾತು. ಮನೆಗೆ ಬಂದವರನ್ನು ನಗಿಸಲು ಪ್ರತಿ ಸಲ ಒಂದೊಂದು ಚಿಟಿಕೆ ಹೆಚ್ಚಿಸುತ್ತಾ ನಾನೇ ಬೆಳೆಸಿದ ಮಾತು. ಕೈ ನಡುಗಿದ್ದೂ ನಾನು ಸೇರಿಸಿದ್ದೇ. ಆಗ ಅವರು ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದರು. ನಾನು ಹೇಳಿದ ಕಥೆ ಅವರ ನೆನಪಾಗಿ ಅಲ್ಲೇ ಬೇರುಬಿಟ್ಟಿತ್ತು.

"ಇಲ್ಲ ಅತ್ತೆ, ನಿಮ್ಮ ಕೈ ನಡುಗ್ಲೇ ಇಲ್ಲ. ಅದು ನಾನು ಸೇರಿಸ್ಕೊಂಡು ಹೇಳ್ತಿದ್ದಿದ್ದು."

"ನಿಂಗೇನೇ ಗೊತ್ತು? ನೀನು ಅಡುಗೆಮನೇಲಿದ್ದೆ."

ನಾನು ಅಡುಗೆಮನೆಯಲ್ಲಿದ್ದೆನೇ? ಹಾಗಿದ್ದರೆ ಅವರು ಬೊಟ್ಟಿಟ್ಟದ್ದನ್ನು, ಕುಂಕುಮ ಉದುರಿದ್ದನ್ನು ನಾನು ನೋಡಿಯೇ ಇಲ್ಲವೇ? ಒಪ್ಪಿಸಲು ತಂದಿದ್ದ ತಪ್ಪೂ ನನ್ನ ಕೈಯಿಂದ ಜಾರುತ್ತಿತ್ತು. ಅವರ ಪಕ್ಕ ನೆಲದ ಮೇಲೆ ಕೂತು, ಒಂದು ಹಿಡಿ ಹುರುಳಿಕಾಯಿ ನನ್ನ ಮಡಿಲಿಗೆ ಹಾಕಿಕೊಂಡೆ.

"ಹೇಳಿ ಅತ್ತೆ. ಅವತ್ತು ಏನಾಯ್ತು, ಮೊದಲಿಂದ ಹೇಳಿ" ಎಂದೆ.

ಇಷ್ಟು ವರ್ಷ ಅವರ ಎದುರಿಗೇ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೆನೋ. ಅವರನ್ನು ಕೇಳಿದ್ದು ಇದೇ ಮೊದಲು.