ಹೈಪೊ, ಹೈಪರ್ ಮತ್ತು ನನ್ನ ಹೊಟ್ಟೆಕಿಚ್ಚು

ಕೋವಿಡ್ ತಣ್ಣಗಾದ ಮರುವರ್ಷ. ವಿಶಾಖಪಟ್ಟಣದ ಮಧುರವಾಡದಲ್ಲಿ, ವೈದ್ಯರು ಧ್ವನಿಮುದ್ರಿಸಿ ಕಳಿಸಿದ ಟಿಪ್ಪಣಿಗಳನ್ನು ಕೇಳಿ ವರದಿ ಟೈಪ್ ಮಾಡುವ ಕಚೇರಿಯೊಂದರಲ್ಲಿ ನಾನು ಹಿರಿಯ ಎಡಿಟರ್ ಆಗಿದ್ದೆ. ಉಳಿದವರು ಟೈಪ್ ಮಾಡಿದ್ದನ್ನು ತಿದ್ದಿ ಆಸ್ಪತ್ರೆಗೆ ಕಳಿಸುವುದು ನನ್ನ ಕೆಲಸ. ಧಾರವಾಡದಿಂದ ಮದುವೆಯಾಗಿ ಬಂದವಳು, ಆ ಹೊತ್ತಿಗೆ ಹದಿನೆಂಟು ವರ್ಷ ಇದನ್ನೇ ಮಾಡಿದ್ದೆ. ಉದ್ದನೆಯ ಪದ ಬಂದರೆ ಎಲ್ಲರೂ ನನ್ನ ಮೇಜಿಗೇ ಬರುತ್ತಿದ್ದರು.

ವಿಜಯವಾಡ ಶಾಖೆಯಿಂದ ಪದ್ಮಜಾ ವರ್ಗವಾಗಿ ಬಂದ ಮೇಲೆ ಅದು ನಿಂತಿತು. ತಾಯಿ ರಾಯಚೂರಿನವರು, ತಂದೆ ತೆಲುಗರು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಊಟದ ಬಿಡುವಿನಲ್ಲಿ ಹೊಸಬರಿಗೆ ಬೋರ್ಡಿನ ಮೇಲೆ ಗ್ರೀಕ್ ಮೂಲದ ಪದಗಳನ್ನು ಬಿಡಿಸಿ ತೋರಿಸುತ್ತಿದ್ದಳು. ಕೊನೆಯಿಂದ ಓದಬೇಕು: ‘ಈಮಿಯ’ ಎಂದರೆ ರಕ್ತದಲ್ಲಿ, ‘ಗ್ಲೈಕ್’ ಎಂದರೆ ಸಿಹಿ, ಮುಂದೆ ‘ಹೈಪೊ’ ಇದ್ದರೆ ಕಡಿಮೆ, ‘ಹೈಪರ್’ ಇದ್ದರೆ ಜಾಸ್ತಿ. ಆಮೇಲೆ ಎಲ್ಲರಿಂದ ನಿಧಾನವಾಗಿ ಹೇಳಿಸುವಳು: ಹೈ-ಪೊ-ಗ್ಲೈ-ಸೀ-ಮಿಯ. ನಾನು ಊಟ ಮಾಡುವಂತೆ ನಟಿಸುತ್ತ ಕೇಳುತ್ತಿದ್ದೆ. ಮೂತ್ರಪಿಂಡದ ಕಲ್ಲಿನ ಕಾಯಿಲೆಯ ಹೆಸರಾದ ನೆಫ್ರೊಲಿಥಯಾಸಿಸ್‌ನಲ್ಲಿರುವ ‘ಲಿಥ್’ ಎಂದರೇ ಕಲ್ಲು ಎಂಬುದು, ಆ ಪದವನ್ನು ಅಷ್ಟು ವರ್ಷ ತಿದ್ದಿದ ನನಗೆ ತಿಳಿದದ್ದು ಹಾಗೆ. ಡಬ್ಬಿ ಮುಚ್ಚಿ ಎದ್ದುಹೋದೆ.

ಒಂದು ಬೆಳಿಗ್ಗೆ ವಿಜಯವಾಡದ ಆಸ್ಪತ್ರೆಯೊಂದರಿಂದ, ಸಕ್ಕರೆ ಕಾಯಿಲೆಯ ವೃದ್ಧೆಯೊಬ್ಬರ ಡಿಸ್ಚಾರ್ಜ್ ವರದಿ ಬಂತು. ಪದ್ಮಜಾ ‘ಹೈಪೊಗ್ಲೈಸೀಮಿಯ’ ಎಂದು ಟೈಪ್ ಮಾಡಿದ್ದಳು. ವೈದ್ಯರು ಪದದ ಮೊದಲ ಭಾಗವನ್ನು ನುಂಗಿದ್ದರು. ಆ ಒಂದು ಪದವನ್ನಷ್ಟೇ ಕೇಳಿ ‘ಹೈಪರ್’ ಎಂದು ತಿದ್ದಿದೆ, ವರದಿ ಕಳಿಸಿದೆ. ಅಷ್ಟಕ್ಕೆ ಬಿಡದೆ ಹೊಸಬರೆದುರೇ, “ಪದಾ ಬಿಡಿಸಾಕ ಬರತದ, ಕೇಳಾಕ ಬರಂಗಿಲ್ಲ,” ಎಂದೆ.

ಅವಳು, ಗೌರವಕ್ಕೆ ತೆಲುಗಿನ ‘ಅಂಡಿ’ ಸೇರಿಸಿ, “ಒಂದ್ಸಲ ಮೊದಲಿಂದ ಕೇಳಿ ಅಂಡಿ,” ಎಂದಳು.

“ಹದಿನೆಂಟು ವರ್ಷ ಕೇಳೇನಿ.”

ಮಧ್ಯಾಹ್ನ ಅವಳ ತಪ್ಪನ್ನು ಮ್ಯಾನೇಜರರಿಗೆ ಕೇಳಿಸಬೇಕೆಂದು ಧ್ವನಿಯನ್ನು ಮೊದಲಿನಿಂದ ಹಾಕಿದೆ. ರೋಗಿ ಬೆವತು ಪ್ರಜ್ಞೆ ತಪ್ಪಿದ್ದರು. ಗ್ಲೂಕೋಸ್ ಏರಿಸಿದ ಮೇಲೆ ಎಚ್ಚರವಾಗಿತ್ತು. ಮುಂದೆ ಇನ್ಸುಲಿನ್ ಎಷ್ಟೆಂದು ಈ ವರದಿ ನೋಡಿ ರೋಗಿಯ ಊರಿನ ವೈದ್ಯರು ನಿರ್ಧರಿಸಬೇಕು ಎಂದಿತ್ತು. ಸಕ್ಕರೆ ಇಳಿದಿತ್ತು. ನಾನು ಏರಿದೆ ಎಂದು ಬರೆದಿದ್ದೆ. ಅದನ್ನು ನಂಬಿ ಊರಿನ ವೈದ್ಯರು ಸಕ್ಕರೆ ಇಳಿಸುವ ಇನ್ಸುಲಿನ್ ಹೆಚ್ಚಿಸಿದರೆ?

ಕೂಡಲೇ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಫೋನ್ ಮಾಡಿದೆ. ವರದಿ ಮನೆಯವರ ಕೈಗೆ ಕೊಟ್ಟಾಗಿತ್ತು. ಗುಮಾಸ್ತ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ರೋಗಿಯ ಮಗಳನ್ನು ಹುಡುಕಿ ಅದನ್ನು ವಾಪಸು ಪಡೆದ. ನಾನು ಮತ್ತೆ ‘ಹೈಪೊ’ ಎಂದು ತಿದ್ದಿ ಕಳಿಸಿದ ಪ್ರತಿ ಅವರ ಕೈ ಸೇರಿತು ಎಂದು ಆತ ಹೇಳುವವರೆಗೂ ನಾನು ಫೋನ್ ಇಡಲಿಲ್ಲ.

ಸಂಜೆ ಅದೇ ಹೊಸಬರೆದುರು ನಿಂತು ತಪ್ಪು ನನ್ನದೆಂದು ಹೇಳಿದೆ. ಆಮೇಲೆ ಪದ್ಮಜಾಳನ್ನು, “ಸಿಟ್ಟು ಬಂದದೇನು?” ಎಂದು ಕೇಳಿದೆ.

“ಬಂದಿದೆ ಅಂಡಿ. ಇನ್ನೂ ಇದೆ.”

ಅವಳು ಹಾಗೆ ಹೇಳಿದ್ದೇ ಒಳ್ಳೆಯದಾಯಿತು; ‘ಇಲ್ಲ’ ಎಂದಿದ್ದರೆ ನಾನದನ್ನು ಅಲ್ಲಿಗೇ ಮರೆತುಬಿಡುತ್ತಿದ್ದೆ. ಹೊಸಬರು ಇಂದಿಗೂ ಅವಳ ಮೇಜಿಗೇ ಹೋಗುತ್ತಾರೆ, ನನಗೆ ಇಂದಿಗೂ ಸಂಕಟವಾಗುತ್ತದೆ. ಆದರೆ ನನಗಾಗದವರು ಬರೆದ ಪದವನ್ನು ತಿದ್ದಬೇಕೆನಿಸಿದಾಗ, ಧ್ವನಿಯನ್ನು ಮೊದಲಿನಿಂದ ಎರಡು ಸಲ ಕೇಳುತ್ತೇನೆ.